ಓಲೆಕಾರನ ಹೊಣೆ

ದೂತನು ಅವಧ್ಯನೆಂಬುದು ಭರತಖಂಡದ ರಾಜನೀತಿಯಲ್ಲಿ ಬಹು ಪ್ರಾಚೀನವಾದ ಸಿದ್ಧಾಂತವು. ಶ್ರೀಮದ್ರಾಮಾಯಣದ ಸುಂದರಕಾಂಡದಲ್ಲಿ ರಾವಣನು ಹನುಮಂತನನ್ನು ಕೊಲ್ಲಿಸುವುದಕ್ಕೆ ಅಪ್ಪಣೆಮಾಡಿದಾಗ ವಿಭೀಷಣನು ಅಡ್ಡಬಂದು ಈ ಸಿದ್ಧಾಂತವನ್ನೇ ಆಶ್ರಯಿಸಿ ವಾದಿಸಿದನು. ದೂತನು ಪರಾಧೀನನು, ಅವನ ಬಾಯಿಂದ ಬರುವ ಮಾತು ಅವನದಲ್ಲ, ಕಳುಹಿಸಿದವನದು, ಆದುದರಿಂದ ಮಾತಿನ ಕಹಿಗೆ ಬಾಯನ್ನು ದಂಡಿಸಲಾಗದೆಂಬುದು ಆ ವಾದದ ಸಾರವು. ರಾವಣನು ಒಪ್ಪಿದನು, ಒಪ್ಪಿಯೂ ಬಾಲಕ್ಕೆ ಬೆಂಕಿಯಿಡಿಸಿದನು. ಕಥೆ ಕೇಳುವ ಮಕ್ಕಳಿಗೆ ಇಲ್ಲಿ ರಾವಣನ ಮೇಲೆ ಸಿಟ್ಟು ಬರುವುದು ಸಹಜವೇ ಸರಿ. ಆದರೆ ವಿಭೀಷಣನ ವಾದವನ್ನು ಗಮನವಿಟ್ಟು ಓದಿದವರಿಗೆ ಒಂದಂಶವು ಹೊಳೆಯದೆ ಇರದು. ದೂತನಿಗೆ ಯಾವ ದಂಡವೂ ಸಲ್ಲದೆಂದು ಅವನು ಹೇಳಲಿಲ್ಲ. ವಧೆಯೊಂದನ್ನು ಬಿಟ್ಟು ಬೇರೆ ದಂಡಗಳುಂಟೆಂದೇ ಹೇಳಿದನು. ಹನುಮಂತನಾದರೋ ಸಂದೇಶವನ್ನು ಮಾತ್ರ ತಂದವನಾಗಿರಲಿಲ್ಲ, ಅಶೋಕವನವನ್ನೂ ಮುರಿದಿದ್ದನು. ಮಾತನ್ನು ಹೊತ್ತು ತಂದುದಕ್ಕೆ ರಕ್ಷೆಯುಂಟು. ವನವನ್ನು ಮುರಿದುದಕ್ಕೂ ಅದೇ ರಕ್ಷೆಯು ಸಲ್ಲುವುದೆ?

ಈ ಪ್ರಶ್ನೆಯು ಈಗ ಲಂಕೆಯ ಸಭೆಯನ್ನು ಬಿಟ್ಟು ಗೃಹಸ್ಥರ ಮನೆಯೊಳಗೆ ಬಂದು ಕುಳಿತಿದೆ. ಬೆಳಗ್ಗೆ ಎದ್ದು ಪರದೇಶದಲ್ಲಿರುವ ಮಗಳ ಕಾಗದ ಬಂದಿದೆಯೇನೋ ಎಂದು ಮಿಂಚಂಚೆಯ ಪೆಟ್ಟಿಗೆಯನ್ನು ತೆರೆಯುವವನಿಗೆ, ಆ ಒಂದು ಕಾಗದವನ್ನು ಕಾಣುವುದಕ್ಕೆ ಮುಂಚೆ ಇಪ್ಪತ್ತು ಅನ್ಯರ ಕಾಗದಗಳು ಎದುರಾಗುವುವು. ಕೇಳದ ಸಾಲವನ್ನು ಕೊಡುವೆನೆಂಬುವವನೊಬ್ಬನು; ಕೊಳ್ಳದ ಲಾಟರಿಯಲ್ಲಿ ಬಹುಮಾನ ಬಂದಿತೆಂಬುವವನೊಬ್ಬನು; ಹೇಳಲು ನಾಚಿಕೆಯಾಗುವ ಔಷಧಿಗಳನ್ನು ಮಾರುವವನೊಬ್ಬನು; ಬ್ಯಾಂಕಿನ ವೇಷವನ್ನು ಧರಿಸಿ, ಇಂದೇ ಗುಪ್ತಸಂಖ್ಯೆಯನ್ನು ತಿಳಿಸದಿದ್ದರೆ ಖಾತೆಯು ನಿಂತುಹೋಗುವುದೆಂದು ಹೆದರಿಸುವವನು ಮತ್ತೊಬ್ಬನು. ಮೊದಲಿನ ಮೂವರು ಕಾಲವನ್ನು ಕದಿಯುವರು; ಕಡೆಯವನು ನಿವೃತ್ತನಾದ ಗುಮಾಸ್ತನ ಪೆನ್‌ಷನ್ ಹಣವನ್ನೇ ಕದಿಯುವನು. ಇಂಥ ಕಾಗದಗಳಿಗೆ ಲೋಕದಲ್ಲಿ ಸ್ಪ್ಯಾಮ್ ಎಂದು ಹೆಸರು. ಬರೆದವನಾರೆಂಬುದು ತಿಳಿಯದು, ಹೊತ್ತು ತಂದವರಾರೆಂಬುದು ಮಾತ್ರ ತಿಳಿದೀತು. ಹೊತ್ತು ತಂದವರೋ, “ತಾವು ದೂತರು, ತಮ್ಮನ್ನು ಮುಟ್ಟಲಾಗದು” ಎಂದು ವಿಭೀಷಣನ ವಾದವನ್ನೇ ಮುಂದಿಡುವರು. ಈ ವಾದವು ಎಷ್ಟು ದೂರ ಸಲ್ಲುವುದೆಂಬುದೇ ಇಲ್ಲಿ ವಿಚಾರಾರ್ಹವಾದ ವಿಷಯವು.

ಸ್ಪ್ಯಾಮ್ ಎಂಬುದು 1937ರಿಂದ ಅಮೆರಿಕಾದಲ್ಲಿ ಮಾರಾಟವಾಗುತ್ತಿರುವ ಡಬ್ಬಿಯ ಮಾಂಸವೊಂದರ ಹೆಸರು. 1970ರಲ್ಲಿ ಇಂಗ್ಲೆಂಡಿನ ಹಾಸ್ಯಮಂಡಲಿಯೊಂದು ತೋರಿಸಿದ ಪ್ರಹಸನದಲ್ಲಿ ಹೋಟಲಿನ ಪ್ರತಿಯೊಂದು ತಿಂಡಿಯಲ್ಲಿಯೂ ಇದೇ ಪದಾರ್ಥವು ಸೇರಿ, ಅದರ ಹೆಸರಿನ ಕೂಗಿನಲ್ಲಿ ಉಳಿದ ಮಾತೆಲ್ಲವೂ ಮುಳುಗಿಹೋಗುವುದು. ಆ ಗದ್ದಲದಿಂದ ಬಂದ ಹೆಸರಿದು. ಶಾಕಾಹಾರಿಗಳ ಮನೆಗಳಲ್ಲಿಯೂ ದಿನವೂ ಇದರ ಹೆಸರನ್ನು ಹೇಳುವ ಹಾಗಾದುದು ಕಾಲಮಹಿಮೆ.

ಈ ಉಪದ್ರವವು ಇಂದು ನಿನ್ನೆಯದಲ್ಲ. 1978ನೆಯ ಇಸವಿಯ ಮೇ ತಿಂಗಳಲ್ಲಿ, ಅಮೆರಿಕಾದ ರಕ್ಷಣಾಖಾತೆಯ ಆಶ್ರಯದಲ್ಲಿ ವಿದ್ವಾಂಸರ ಉಪಯೋಗಕ್ಕಾಗಿ ನಡೆಯುತ್ತಿದ್ದ ಆರ್ಪಾನೆಟ್ ಎಂಬ ಜಾಲದಲ್ಲಿ, ಕಂಪ್ಯೂಟರುಗಳನ್ನು ಮಾರುವ ಕಂಪೆನಿಯ ಗೇರಿ ಥರ್ಕ್ ಎಂಬ ಅಧಿಕಾರಿಯು ತಮ್ಮ ಹೊಸ ಯಂತ್ರಗಳನ್ನು ನೋಡಲು ಬರಬೇಕೆಂದು ಸುಮಾರು 400 ಮಂದಿಗೆ ಒಂದೇ ಕಾಗದವನ್ನು ಕಳುಹಿಸಿದನು. ಜಾಲದ ಅಧಿಕಾರಿಗಳು ಅವನನ್ನು ಗದರಿಸಿದರು. ಇದಕ್ಕೂ ಮೂರು ವರ್ಷ ಮೊದಲೇ, 1975ರ ನವೆಂಬರಿನಲ್ಲಿ, ಜಾಲದ ನಿರ್ಮಾಪಕರಲ್ಲೊಬ್ಬನಾದ ಜಾನ್ ಪಾಸ್ಟಲನು ಬೇಡದ ಅಂಚೆಯ ಬಗ್ಗೆ ಒಂದು ಚಿಕ್ಕ ಟಿಪ್ಪಣಿಯನ್ನು ಬರೆದು, ತೊಂದರೆಕೊಡುವ ಯಂತ್ರದಿಂದ ಬರುವ ಸಂದೇಶಗಳನ್ನು ಬೇಡವೆನ್ನುವ ಅಧಿಕಾರವು ಪಡೆಯುವ ಯಂತ್ರಕ್ಕೆ ಇರಬೇಕೆಂದು ಸೂಚಿಸಿದ್ದನು. ರೋಗವು ಹುಟ್ಟುವುದಕ್ಕೆ ಮುಂಚೆಯೇ ಮದ್ದನ್ನು ಹೇಳಿದ ವೈದ್ಯನೆಂದು ಅವನನ್ನು ಕರೆಯಬಹುದು.

ರೋಗದ ಮೂಲವಿರುವುದು ಖರ್ಚಿನ ಲೆಕ್ಕದಲ್ಲಿ. ಇಂಗ್ಲೆಂಡಿನಲ್ಲಿ 1840ಕ್ಕೆ ಮೊದಲು ಕಾಗದದ ಕೂಲಿಯನ್ನು ಸಾಮಾನ್ಯವಾಗಿ ಪಡೆಯುವವನೇ ತೆರುತ್ತಿದ್ದನು. ರೋಲೆಂಡ್ ಹಿಲ್ ಎಂಬುವನ ಪ್ರಯತ್ನದಿಂದ ಒಂದು ಪೆನ್ನಿಯ ಅಂಚೆಚೀಟಿಯು ಬಂದು ಭಾರವು ಕಳುಹಿಸುವವನ ಮೇಲೆ ಬಿದ್ದಿತು; ಈ ದೇಶದಲ್ಲಿಯೂ 1854ರಲ್ಲಿ ಅರ್ಧಾಣೆಯ ಚೀಟಿಯು ಬಂದಿತು. ಚೀಟಿಯೆಂಬುದು ಬರಿಯ ಕೂಲಿಯಲ್ಲ. ಬರೆಯುವವನ ಕೈಯನ್ನು ಒಂದು ಕ್ಷಣ ತಡೆದು, ಈ ಮಾತು ಅರ್ಧಾಣೆ ಬಾಳುವುದೆ ಎಂದು ಕೇಳುವ ವಿವೇಕವು ಅದರಲ್ಲಿತ್ತು. ಮಿಂಚಂಚೆಯಲ್ಲಿ ಆ ತಡೆಯಿಲ್ಲ. ಒಂದು ಕಾಗದಕ್ಕೂ ಒಂದು ಕೋಟಿ ಕಾಗದಕ್ಕೂ ಕಳುಹಿಸುವವನ ಖರ್ಚಿನಲ್ಲಿ ಹೇಳಿಕೊಳ್ಳತಕ್ಕಷ್ಟು ಅಂತರವಿಲ್ಲ. ಭಾರವೆಲ್ಲವೂ ಮರಳಿ ಪಡೆಯುವವನ ಮೇಲೂ, ಅವನಿಗಾಗಿ ಯಂತ್ರಗಳನ್ನಿಟ್ಟವರ ಮೇಲೂ ಬಿದ್ದಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಲೆಕ್ಕವೊಂದು ಈ ವ್ಯಾಪಾರದ ಸ್ವರೂಪವನ್ನು ತೋರಿಸುವುದು. ಔಷಧಿಗಳನ್ನು ಮಾರುವ ಸುಮಾರು 35 ಕೋಟಿ ಕಾಗದಗಳು 26 ದಿನಗಳಲ್ಲಿ ಹೋದುವು. ಕೊಳ್ಳಲು ಬಂದವರು 28 ಮಂದಿ. ಬೇರೆ ಯಾವ ವರ್ತಕನಾದರೂ ಇಂಥ ಲೆಕ್ಕವನ್ನು ನೋಡಿ ಅಂಗಡಿಯ ಬಾಗಿಲನ್ನು ಹಾಕಿಕೊಂಡುಹೋಗುತ್ತಿದ್ದನು. ಇವನಿಗೆ ಅದೂ ಲಾಭವೇ. ಏಕೆಂದರೆ ಉಳಿದ ಕೋಟ್ಯಂತರ ಮಂದಿಯ ಕಾಲವನ್ನು ಅವನು ದುಡ್ಡು ಕೊಟ್ಟು ಕೊಂಡವನಲ್ಲ.

ಹಾಗಾದರೆ ಆ ವರ್ತಕನನ್ನೇ ಹಿಡಿದು ದಂಡಿಸಬಾರದೇಕೆಂದರೆ, ಅವನು ಸಿಕ್ಕುವುದು ಅಪರೂಪ. ಮಿಂಚಂಚೆಯ ನಿಯಮಗಳನ್ನು 1982ರಲ್ಲಿ ಗೊತ್ತುಮಾಡಿದವರು ಒಬ್ಬರನ್ನೊಬ್ಬರು ಬಲ್ಲ ವಿದ್ವಾಂಸರು. ಕಳುಹಿಸುವವನು ಯಾವ ಹೆಸರನ್ನು ಹೇಳಿಕೊಂಡರೆ ಆ ಹೆಸರನ್ನೇ ನಂಬುವ ವ್ಯವಸ್ಥೆಯನ್ನು ಅವರು ಮಾಡಿದರು. ಪರೀಕ್ಷೆಯ ಏರ್ಪಾಡುಗಳು ಬಂದುದು ಬಹುಕಾಲದ ಮೇಲೆ. ಅದೂ ಅಲ್ಲದೆ ಈಚೆಗೆ ಕಳ್ಳನು ತನ್ನ ಯಂತ್ರದಿಂದ ಕಳುಹಿಸುವುದನ್ನೇ ಬಿಟ್ಟಿರುವನು. ಗೃಹಸ್ಥರ ಕಂಪ್ಯೂಟರುಗಳೊಳಗೆ ದುಷ್ಟವಾದ ಕಾರ್ಯಸೂಚಿಯೊಂದು ಹೊಕ್ಕು, ಭೂತಾವಿಷ್ಟನಾದವನು ತನಗರಿವಿಲ್ಲದೆ ನುಡಿಯುವಂತೆ ಆ ಯಂತ್ರಗಳು ರಾತ್ರಿಯೆಲ್ಲಾ ಕಾಗದಗಳನ್ನು ಕಳುಹಿಸುವುವು. ಇಂಥ ಲಕ್ಷಾಂತರ ಯಂತ್ರಗಳ ಹಿಂಡಿಗೆ ಬಾಟ್‌ನೆಟ್ ಎಂದು ಹೆಸರು.

ಆದರೂ ಹೆಜ್ಜೆಯ ಗುರುತೊಂದು ಉಳಿಯುವುದು. ಕಾಗದವು ಕೈ ಬದಲಾಯಿಸಿದ ಪ್ರತಿಯೊಂದು ಸ್ಥಾನದಲ್ಲಿಯೂ ಅಂಚೆಮನೆಯ ಮೊಹರಿನಂತೆ ಒಂದು ಸಾಲು ಅದರ ನೆತ್ತಿಯ ಮೇಲೆ ಬೀಳುವುದು. ಹಿಂದಿನ ಸಾಲುಗಳನ್ನು ಕಳ್ಳನು ಸುಳ್ಳಾಗಿ ಬರೆದಿರಬಹುದು. ಆದರೆ ಪಡೆಯುವವನ ಅಂಚೆಮನೆಯು ತನ್ನ ಬಾಗಿಲನ್ನು ತಟ್ಟಿದ ಯಂತ್ರದ ಸಂಖ್ಯೆಯನ್ನು ತಾನೇ ಬರೆದುಕೊಳ್ಳುವ ಕಡೆಯ ಸಾಲನ್ನು ಅವನು ತಿದ್ದಲಾರನು. ಈ ಐಪಿ ಸಂಖ್ಯೆಗಳು ಯಾವ ಕಂಪೆನಿಯ ಅಧೀನದಲ್ಲಿರುವುವೆಂಬುದಕ್ಕೆ ಬಹಿರಂಗವಾದ ದಫ್ತರುಗಳುಂಟು. ಆದಕಾರಣ ಹೆಜ್ಜೆಯನ್ನು ಹಿಡಿದು ಹೋದರೆ ಕಳ್ಳನ ಮನೆಯು ಸಿಕ್ಕದಿದ್ದರೂ ಒಂದು ಊರಿನ ಎಲ್ಲೆಯು ಸಿಕ್ಕುವುದು. ಆ ಊರೇ ಇಂಟರ್‌ನೆಟ್ಟನ್ನು ಒದಗಿಸುವ ಕಂಪೆನಿಯು.

ಇಲ್ಲಿ ಧರ್ಮಶಾಸ್ತ್ರಕಾರರ ನೆನಪು ಬಾರದೆ ಇರದು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಕಳವಿನ ಹೊಣೆಯನ್ನು ಹಂಚುವ ಕ್ರಮವು ಬಹು ಸ್ವಾರಸ್ಯವಾಗಿದೆ. ಕಳ್ಳನ ಹೆಜ್ಜೆಯು ಊರಿನಿಂದ ಹೊರಗೆ ಹೋದುದು ಕಾಣಬಾರದಿದ್ದರೆ ದೋಷವು ಆ ಊರಿನ ಒಡೆಯನದು. ಹೆಜ್ಜೆಯು ಬೇರೊಂದು ಊರಿಗೆ ಹೋಗಿದ್ದರೆ ಆ ಊರು ಕೊಡತಕ್ಕದ್ದು. ಎಲ್ಲೆಯಾಚೆ ಒಂದು ಕ್ರೋಶದ ಹೊರಗೆ ನಡೆದುದಾದರೆ ಸುತ್ತಲಿನ ಐದು ಊರುಗಳು, ಇಲ್ಲವೆ ಹತ್ತು ಊರುಗಳು ಸೇರಿ ಕೊಡತಕ್ಕದ್ದು. ಇಲ್ಲಿ ಸೂಕ್ಷ್ಮವಾಗಿ ನೋಡತಕ್ಕ ಅಂಶವು ಯಾವುದೆಂದರೆ, ಊರನ್ನು ಕಳ್ಳನೆಂದು ಸ್ಮೃತಿಯು ಹೇಳಿಲ್ಲ. ಕಳ್ಳನಿಗೆ ವಿಧಿಸಿದ ಅಂಗಚ್ಛೇದಾದಿಗಳನ್ನು ಊರಿಗೆ ವಿಧಿಸಿಲ್ಲ. ಹೋದುದನ್ನು ತುಂಬಿಕೊಡಬೇಕೆಂದಷ್ಟೇ ಹೇಳಿದೆ. ಅಪರಾಧವು ಬೇರೆ, ಹೊಣೆಯು ಬೇರೆ. ಹೆಜ್ಜೆಯು ತನ್ನ ಎಲ್ಲೆಯನ್ನು ದಾಟಿ ಹೋಯಿತೆಂದು ತೋರಿಸಿಕೊಟ್ಟರೆ ಊರಿಗೆ ಹೊಣೆಯೂ ಇಲ್ಲ. ಹೀಗಾಗಿ ಊರಿನ ಪ್ರತಿಯೊಬ್ಬನಿಗೂ ರಾತ್ರಿ ಯಾವ ಅಪರಿಚಿತನು ಓಡಾಡಿದನೆಂದು ನೋಡುವುದರಲ್ಲಿ ಸ್ವಾರ್ಥವುಂಟಾಗುವುದು.

ಇನ್ನು ತಿಳಿದೂ ಆಶ್ರಯಕೊಟ್ಟವನ ವಿಷಯವು ಬೇರೆಯೇ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಕಳ್ಳರಿಗೆ ಅನ್ನವನ್ನಿಕ್ಕುವವರನ್ನೂ, ಅವರ ಸಾಮಾನುಗಳಿಗೆ ಜಾಗ ಕೊಡುವವರನ್ನೂ ಕಳ್ಳರಂತೆಯೇ ಕಾಣಬೇಕೆಂದು ಕಠಿನವಾಗಿ ವಿಧಿಸುವುದು. ಯಾಜ್ಞವಲ್ಕ್ಯನು ಅದೇ ಮಾತನ್ನು ಹೇಳುತ್ತ, ತಿಳಿದು ಕೊಟ್ಟವನಿಗೆ ಎಂಬ ವಿಶೇಷಣವನ್ನು ಸೇರಿಸಿ, ಕಠಿನತೆಯನ್ನು ತಗ್ಗಿಸಿ ಉತ್ತಮಸಾಹಸವೆಂಬ ದೊಡ್ಡ ಜುಲ್ಮಾನೆಯನ್ನು ಗೊತ್ತುಮಾಡಿರುವನು. ಈ ಒಂದು ವಿಶೇಷಣದಲ್ಲಿ ಇಡೀ ಪ್ರಶ್ನೆಯ ಬೀಗದ ಕೈಯಿದೆಯೆಂದು ಹೇಳಿದರೆ ತಪ್ಪಾಗಲಾರದು. ತಿಳಿಯದೆ ಹೊತ್ತವನು ನಷ್ಟಕ್ಕೆ ಹೊಣೆಗಾರನು. ತಿಳಿದೂ ಬಾಡಿಗೆಯನ್ನು ತೆಗೆದುಕೊಳ್ಳುತ್ತಿದ್ದವನು ಕೃತ್ಯದಲ್ಲಿಯೇ ಪಾಲುಗಾರನು. ಮಾಡಿಸುವವನು, ಅನುಮತಿಸುವವನು, ಮಾಡುವವನು ಈ ಮೂವರೂ ಕರ್ಮಫಲಕ್ಕೆ ಭಾಗಿಗಳೆಂದು ಆಪಸ್ತಂಬನ ಧರ್ಮಸೂತ್ರವೂ ಹೇಳುವುದು.

ಈ ಭೇದವು ಪುಸ್ತಕದ ಬದನೆಕಾಯಿಯಲ್ಲವೆಂಬುದಕ್ಕೆ ಒಂದು ದೃಷ್ಟಾಂತವುಂಟು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಪಟ್ಟಣದಲ್ಲಿ ಮೆಕ್‌ಕೋಲೋ ಎಂಬ ಕಂಪೆನಿಯೊಂದಿತ್ತು. ಯಂತ್ರಗಳಿಗೆ ಜಾಗವನ್ನೂ ಜಾಲದ ಸಂಪರ್ಕವನ್ನೂ ಬಾಡಿಗೆಗೆ ಕೊಡುವುದು ಅದರ ಉದ್ಯೋಗ. ಮನುವಿನ ಮಾತಿನಲ್ಲಿ ಸಾಮಾನುಗಳಿಗೆ ಜಾಗ ಕೊಡುವುದು. ಲೋಕದ ದೊಡ್ಡ ದೊಡ್ಡ ಬಾಟ್‌ನೆಟ್ಟುಗಳಲ್ಲಿ ಹಲವಕ್ಕೆ ಅಪ್ಪಣೆಕೊಡುವ ಯಂತ್ರಗಳು ಆ ಒಂದು ಕಂಪೆನಿಯ ಆಶ್ರಯದಲ್ಲಿದ್ದುವು. ಕಾಗದಗಳು ಹೊರಡುತ್ತಿದ್ದುದು ಲೋಕದ ಮೂಲೆಮೂಲೆಗಳ ಮನೆಗಳಿಂದ. ಮಂತ್ರವನ್ನು ಹೇಳಿಕೊಡುತ್ತಿದ್ದುದು ಮಾತ್ರ ಅಲ್ಲಿ. ಜಾಲರಕ್ಷಣೆಯ ಸಂಶೋಧಕರು ಬಹುದಿನಗಳಿಂದ ಇದನ್ನು ಕಂಡು ಬರೆಯುತ್ತಿದ್ದರು, ಏನೂ ಆಗಲಿಲ್ಲ. 2008ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಬ್ರಯನ್ ಕ್ರೆಬ್ಸ್ ಎಂಬ ವರದಿಗಾರನು ಈ ಸಾಕ್ಷ್ಯವನ್ನೆಲ್ಲ ಕೂಡಿಸಿ, ಮೆಕ್‌ಕೋಲೋವಿಗೆ ಹೆದ್ದಾರಿಯ ಸಂಪರ್ಕವನ್ನು ಕೊಡುತ್ತಿದ್ದ ಎರಡು ದೊಡ್ಡ ಕಂಪೆನಿಗಳ ಮುಂದಿಟ್ಟನು. ನವೆಂಬರ್ 11ರಂದು ಆ ಎರಡು ಕಂಪೆನಿಗಳೂ ತಂತಿಯನ್ನು ಕಡಿದುವು. ಅದೇ ದಿನ ಭೂಮಂಡಲದ ಸ್ಪ್ಯಾಮಿನಲ್ಲಿ ಅರ್ಧಕ್ಕೂ ಹೆಚ್ಚು ಭಾಗವು ನಿಂತುಹೋಯಿತು. ಮೂರರಲ್ಲೆರಡು ಪಾಲು ಇಳಿಯಿತೆಂದು ಲೆಕ್ಕಹಾಕಿದವರೂ ಉಂಟು. ಯಾವ ಸೈನ್ಯವೂ ಹೋಗಲಿಲ್ಲ, ಯಾವ ಹೊಸ ಶಾಸನವೂ ಆಗಲಿಲ್ಲ, ಯಾರ ಕಾಗದವನ್ನೂ ಒಡೆದು ಓದಲಿಲ್ಲ. ಇಬ್ಬರು ವರ್ತಕರು ತಮ್ಮ ಗಿರಾಕಿಯೊಬ್ಬನಿಗೆ ಬಾಗಿಲನ್ನು ಹಾಕಿದರು; ಅಷ್ಟೆ.

ಆ ನಿಶ್ಶಬ್ದವು ಬಹುಕಾಲ ನಿಲ್ಲಲಿಲ್ಲ. ಕೆಲವು ದಿನಗಳಲ್ಲಿಯೇ ಮೆಕ್‌ಕೋಲೋ ಮತ್ತೊಂದು ದಾರಿಯಿಂದ ಕೆಲವು ಗಂಟೆಗಳ ಕಾಲ ಜಾಲದೊಳಕ್ಕೆ ನುಸುಳಿತು. ಆ ಅಲ್ಪಾವಧಿಯಲ್ಲಿ ಬಾಟ್‌ನೆಟ್ಟೊಂದರ ಆಡಳಿತವು ಬೇರೆ ದೇಶಕ್ಕೆ ವರ್ಗವಾಯಿತು. ಕೆಲವು ತಿಂಗಳುಗಳಲ್ಲಿ ಸ್ಪ್ಯಾಮು ಮೊದಲಿನ ಮಟ್ಟಕ್ಕೆ ಏರಿತು. ಇದನ್ನು ತೋರಿಸಿ, ಊರನ್ನು ಹೊಣೆಮಾಡುವುದು ನಿಷ್ಫಲವೆಂದು ಹೇಳುವವರುಂಟು. ನೆರೆಯೂರಿನವರು ಬಾಗಿಲನ್ನು ತೆರೆದಿಟ್ಟಿದ್ದರಿಂದ ಕಳ್ಳನು ಅಲ್ಲಿಗೆ ಹೋದನೆಂಬುದು ಮೊದಲನೆಯ ಊರು ಬಾಗಿಲು ಹಾಕಿದ್ದು ತಪ್ಪೆಂಬುದಕ್ಕೆ ಹೇಗೆ ಸಾಧಕವಾಗುವುದೋ ತಿಳಿಯದು. ಐದೂರು ಹತ್ತೂರುಗಳನ್ನು ಒಟ್ಟಿಗೆ ಹೊಣೆಮಾಡಿದ ಸ್ಮೃತಿಕಾರನಿಗೆ ಈ ತೊಂದರೆಯು ಗೊತ್ತಿತ್ತೆಂದೇ ಊಹಿಸಬೇಕಾಗುವುದು.

ಆದರೆ ಈ ಪ್ರಕರಣದಲ್ಲಿ ಕಳವಳಕ್ಕೆ ಕಾರಣವಾದ ಅಂಶವೊಂದು ನಿಜವಾಗಿಯೂ ಇದೆ. ತಂತಿಯನ್ನು ಕಡಿದವರು ನ್ಯಾಯಾಧಿಪತಿಗಳಲ್ಲ. ಆಪಾದನೆಯನ್ನು ಓದಿ ಹೇಳಿದವರಿಲ್ಲ, ಉತ್ತರವನ್ನು ಕೇಳಿದವರಿಲ್ಲ. ಇಂದು ಮೆಕ್‌ಕೋಲೋವಿನ ವಿಷಯದಲ್ಲಿ ಸರಿಯಾದುದು ನಾಳೆ ಅಧಿಕಾರಸ್ಥರನ್ನು ಟೀಕಿಸುವ ಬಡ ಪತ್ರಿಕೆಯೊಂದರ ವಿಷಯದಲ್ಲಿ ನಡೆದರೆ ಕೇಳುವವರಾರು? ಇದಕ್ಕೆ ಹೋಲಿಸತಕ್ಕ ಇನ್ನೊಂದು ಪ್ರಕರಣವು ಮುಂದಿನ ವರ್ಷವೇ ನಡೆಯಿತು. 2009ರ ಜೂನಿನಲ್ಲಿ ಅಮೆರಿಕಾ ಸರ್ಕಾರದ ವಾಣಿಜ್ಯ ಆಯೋಗವು ಪ್ರೈಸ್‌ವರ್ಟ್ ಎಂಬ ಅಂಥದೇ ಕಂಪೆನಿಯ ಮೇಲೆ ದಾವಾ ಹಾಕಿ, ನ್ಯಾಯಸ್ಥಾನದ ಆಜ್ಞೆಯನ್ನು ಪಡೆದು, ಅದರ ಸಂಪರ್ಕವನ್ನು ತಪ್ಪಿಸಿತು. ಮರುವರ್ಷ ಹತ್ತು ಲಕ್ಷ ಡಾಲರಿಗೂ ಮೀರಿದ ಹಣವನ್ನು ಒಪ್ಪಿಸಬೇಕೆಂದು ತೀರ್ಪಾಯಿತು. ಫಲವು ಎರಡು ಕಡೆಯಲ್ಲಿಯೂ ಒಂದೇ. ಆದರೆ ಎರಡನೆಯದರಲ್ಲಿ ದಂಡಿಸಿದವನ ಹೆಸರೂ ಕಾರಣವೂ ಬರವಣಿಗೆಯಲ್ಲಿ ಉಳಿದಿರುವುವು; ತಪ್ಪಿದ್ದರೆ ಮೇಲಿನ ನ್ಯಾಯಸ್ಥಾನಕ್ಕೆ ಹೋಗಲು ದಾರಿಯಿತ್ತು.

ಒದಗಿಸುವ ಕಂಪೆನಿಗಳ ಮುಖ್ಯವಾದ ಆಕ್ಷೇಪವು ಗೌರವಕ್ಕೆ ಯೋಗ್ಯವಾದದ್ದು. ಅಂಚೆಯವನು ಕಾಗದವನ್ನು ಒಡೆದು ನೋಡಬಾರದು. ಒಳಗಿರುವುದು ಶುಭವೋ ಅಶುಭವೋ ಅವನಿಗೆ ಸಂಬಂಧಿಸಿದ್ದಲ್ಲ. ಹೊಣೆಯನ್ನು ಹೊರಿಸಿದರೆ ಒಡೆದು ನೋಡಬೇಕಾಗುವುದು, ಆಗ ಯಾರ ಗುಟ್ಟೂ ಗುಟ್ಟಾಗಿರದು ಎಂದು ಅವರು ಹೇಳುವರು. ಹೊಣೆಯ ಹೆಸರಿನಲ್ಲಿ ಅಂಚೆಯವನನ್ನು ಗೂಢಚಾರನನ್ನಾಗಿ ಮಾಡುವುದು ಸ್ಪ್ಯಾಮಿಗಿಂತ ದೊಡ್ಡ ಅನರ್ಥವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಊರಿನ ಒಡೆಯನನ್ನು ಹೆಜ್ಜೆಯ ವಿಷಯದಲ್ಲಿ ಕೇಳಿದರೇ ಹೊರತು ಗಂಟಿನೊಳಗೇನಿತ್ತೆಂದು ಕೇಳಲಿಲ್ಲ. ಒಂದು ಮನೆಯ ಯಂತ್ರದಿಂದ ನಡುರಾತ್ರಿಯಲ್ಲಿ ಹತ್ತು ಸಾವಿರ ಕಾಗದಗಳು ಹೊರಡುವುದನ್ನು ತಿಳಿಯಲು ಒಂದು ಕಾಗದವನ್ನೂ ಒಡೆಯಬೇಕಾಗಿಲ್ಲ. ಮನೆಯ ಕಂಪ್ಯೂಟರು ತನ್ನ ಕಂಪೆನಿಯ ಅಂಚೆಮನೆಗೆ ಕಾಗದವನ್ನು ಕೊಟ್ಟರೆ ಸಾಕು. ದೂರದೇಶದ ಅಂಚೆಮನೆಗಳ ಬಾಗಿಲನ್ನು ತಾನೇ ಹೋಗಿ ತಟ್ಟಬೇಕಾದ ಕಾರಣವಿಲ್ಲ. ಹಾಗೆ ತಟ್ಟುವ ದಾರಿಗೆ ಯಂತ್ರಶಾಸ್ತ್ರದಲ್ಲಿ 25ನೆಯ ಪೋರ್ಟ್ ಎಂದು ಹೆಸರು. ಗೃಹಸ್ಥರ ಸಂಪರ್ಕಗಳಲ್ಲಿ ಆ ಒಂದು ದಾರಿಯನ್ನು ಮುಚ್ಚಿದ ಕಂಪೆನಿಗಳು ಅನೇಕವಿರುವುವು. ಭೂತಾವಿಷ್ಟವಾದ ಯಂತ್ರವು ಅಲ್ಲಿಗೆ ಬಹುಮಟ್ಟಿಗೆ ಮೂಕವಾಗುವುದು. ಯಾರ ಗುಟ್ಟೂ ಹೊರಬೀಳದು. ಮಾಡಬಹುದಾದ ಕೆಲಸವನ್ನು ಮಾಡದೆ, ಮಾಡಬಾರದ ಕೆಲಸವನ್ನು ಹೇಳುತ್ತಾರೆಂದು ದೂರುವುದು ವಾದದಲ್ಲಿ ಒಂದು ಹಳೆಯ ವರಸೆ.

ಮಾತಿನ ಒಳಗನ್ನು ಅಳತೆಗೋಲಾಗಿ ಹಿಡಿಯಬಾರದೆಂಬುದಕ್ಕೆ ಮೊಕದ್ದಮೆಯೊಂದರ ಆಧಾರವೂ ಇದೆ. ಇಂಟೆಲ್ ಕಂಪೆನಿಯಿಂದ ಹೊರಬಿದ್ದ ನೌಕರನೊಬ್ಬನು ಆ ಕಂಪೆನಿಯ ನಡತೆಯನ್ನು ಖಂಡಿಸಿ, ಅಲ್ಲಿಯ ಸಾವಿರಾರು ನೌಕರರಿಗೆ 21 ತಿಂಗಳಲ್ಲಿ 6 ಬಾರಿ ಮಿಂಚಂಚೆಗಳನ್ನು ಕಳುಹಿಸಿದನು. ಕಂಪೆನಿಗೆ ಅವು ಬೇಡದ ಕಾಗದಗಳೇ. ಆದರೂ 2003ರಲ್ಲಿ ಕ್ಯಾಲಿಫೋರ್ನಿಯಾದ ಶ್ರೇಷ್ಠ ನ್ಯಾಯಾಲಯವು, ಯಂತ್ರಗಳಿಗೆ ಹಾನಿಯಾಗದಿರುವಾಗ, ಮಾತು ಹಿಡಿಸಲಿಲ್ಲವೆಂದು ಇದನ್ನು ಅತಿಕ್ರಮಣವೆನ್ನಲಾಗದೆಂದು ತೀರ್ಪುಕೊಟ್ಟಿತು. ಇದಕ್ಕೆ ಆರು ವರ್ಷ ಮೊದಲು ಓಹಿಯೋ ಪ್ರಾಂತದ ನ್ಯಾಯಸ್ಥಾನವೊಂದು, ಲಕ್ಷಾಂತರ ಜಾಹೀರಾತುಗಳನ್ನು ಸುರಿಸಿ ಕಂಪ್ಯೂಸರ್ವ್ ಕಂಪೆನಿಯ ಯಂತ್ರಗಳನ್ನು ಬಳಲಿಸಿದವನನ್ನು ಅತಿಕ್ರಮಣದ ಹೆಸರಿನಲ್ಲಿಯೇ ತಡೆದಿತ್ತು. ಎರಡು ತೀರ್ಪುಗಳಿಗೂ ವಿರೋಧವಿಲ್ಲ. ಸಂದೇಶವನ್ನು ತಂದವನು ಒಬ್ಬನು, ವನವನ್ನು ಮುರಿದವನು ಮತ್ತೊಬ್ಬನು.

ಇಷ್ಟು ಹೊರುವವನ ವಿಷಯವಾಯಿತು. ತಡೆಯುವವನ ವಿಷಯವನ್ನು ಹೇಳುವವರು ಕಡಿಮೆ. ಆದರೆ ಗೃಹಸ್ಥನ ದೃಷ್ಟಿಯಿಂದ ಅದೂ ಅಷ್ಟೇ ಭಾರವಾದದ್ದು. 1997ರಲ್ಲಿ ಪಾಲ್ ವಿಕ್ಸೀ ಎಂಬ ಯಂತ್ರಜ್ಞನೂ ಅವನ ಸಂಗಡಿಗರೂ, ಮರುವರ್ಷ ಲಂಡನ್ನಿನಲ್ಲಿ ಸ್ಪ್ಯಾಮ್‌ಹೌಸ್ ಎಂಬ ಸಂಸ್ಥೆಯೂ, ದುಷ್ಟಸಂಖ್ಯೆಗಳ ಪಟ್ಟಿಗಳನ್ನು ಇಡಲಾರಂಭಿಸಿದರು. ಅಂಚೆಮನೆಯು ಕಾಗದವನ್ನು ಒಳಕ್ಕೆ ಬಿಡುವ ಮೊದಲು ಪಟ್ಟಿಯನ್ನು ಕೇಳುವುದು. ಪಟ್ಟಿಯಲ್ಲಿದ್ದರೆ ಬಾಗಿಲು ಇಲ್ಲ. ಪಾಸ್ಟಲನ ಸೂಚನೆಯು ಹೀಗೆ ಕಾರ್ಯಕ್ಕೆ ಬಂದಿತು. ಆದರೆ ಕೆಲವು ಪಟ್ಟಿಗಾರರು, ಒದಗಿಸುವ ಕಂಪೆನಿಯು ದೂರಿಗೆ ಕಿವಿಗೊಡದಿದ್ದರೆ ಕಳ್ಳನ ನೆರೆಮನೆಗಳನ್ನೂ, ಆಮೇಲೆ ಕೇರಿಯನ್ನೂ, ಕಡೆಗೆ ಊರನ್ನೂ ಪಟ್ಟಿಗೆ ಸೇರಿಸಿದರು. ನಿರಪರಾಧಿಗಳು ನೊಂದು ತಮ್ಮ ಕಂಪೆನಿಯನ್ನು ಜರೆಯಲಿ, ಇಲ್ಲವೆ ಬಿಟ್ಟುಹೋಗಲಿ ಎಂಬುದು ಅವರ ಉಪಾಯ. ಇದು ಐದೂರುಗಳ ಹೊಣೆಯಂತೆಯೇ ತೋರುವುದು. ಆದರೆ ಅಂತರವು ದೊಡ್ಡದು. ಸ್ಮೃತಿಯಲ್ಲಿ ಊರುಗಳು ಕೊಟ್ಟ ಹಣವು ಕಳೆದುಕೊಂಡವನಿಗೆ ಸೇರುತ್ತಿತ್ತು. ಇಲ್ಲಿ ನೆರೆಯವನ ನೋವು ಯಾರ ನಷ್ಟವನ್ನೂ ತುಂಬಿಕೊಡುವುದಿಲ್ಲ, ಮತ್ತೊಬ್ಬನನ್ನು ಮಣಿಸುವುದಕ್ಕೆ ಮಾತ್ರ ಉಪಕರಣವಾಗುವುದು. ಅಲ್ಲಿ ಹೊಣೆಯನ್ನು ಹೊರಿಸಿದವನು ಸಿಂಹಾಸನದ ಮೇಲೆ ಎಲ್ಲರ ಕಣ್ಣಿಗೂ ಕಾಣುವಂತೆ ಕುಳಿತಿದ್ದನು. ಇಲ್ಲಿ ಸ್ಪ್ಯೂಸ್ ಎಂಬ ಪಟ್ಟಿಯೊಂದನ್ನು ನಡೆಸುತ್ತಿದ್ದವರು ತಮ್ಮ ಹೆಸರುಗಳನ್ನೇ ಮರೆಯಿಸಿಕೊಂಡಿದ್ದರು. ಮುಖ ತೋರದೆ ಕಾಗದವನ್ನು ಕಳುಹಿಸುವವನನ್ನು ದೂರುವವರು ತಾವೇ ಮುಖ ತೋರದೆ ದಂಡಿಸುವುದು ಸೊಗಸಲ್ಲ.

ಸ್ಪ್ಯಾಮ್‌ಹೌಸಿನವರು ಹಾಗಲ್ಲ, ಹೆಸರು ವಿಳಾಸಗಳನ್ನಿಟ್ಟುಕೊಂಡೇ ಕೆಲಸಮಾಡಿದರು, ಅದಕ್ಕೆ ಬೆಲೆಯನ್ನೂ ತೆರುವ ಹಾಗಾಗಿತ್ತು. ಪಟ್ಟಿಗೆ ಸೇರಿದ ಈ360 ಎಂಬ ಜಾಹೀರಾತಿನ ಕಂಪೆನಿಯೊಂದು ಅಮೆರಿಕಾದಲ್ಲಿ ದಾವಾ ಹಾಕಿತು. ಲಂಡನ್ನಿನವರು ವಾದವನ್ನು ಮುಂದುವರಿಸದೆ ಬಿಟ್ಟುದರಿಂದ 2006ರಲ್ಲಿ 1 ಕೋಟಿ 17 ಲಕ್ಷ ಡಾಲರುಗಳನ್ನು ಕೊಡಬೇಕೆಂದು ಏಕಪಕ್ಷೀಯವಾದ ಆಜ್ಞೆಯಾಯಿತು. ಮೇಲ್ಮನವಿಗಳಾದುವು, ನಷ್ಟಕ್ಕೆ ಲೆಕ್ಕವನ್ನು ಕೇಳಿದಾಗ ವಾದಿಗೆ ಸರಿಯಾದ ಲೆಕ್ಕವನ್ನು ಕೊಡಲಾಗಲಿಲ್ಲ. 2011ರಲ್ಲಿ ಆ ಮೊತ್ತವು 3 ಡಾಲರಿಗೆ ಇಳಿಯಿತು. ಕೋಟಿಯಿಂದ ಮೂರಕ್ಕೆ ಇಳಿದ ಈ ವ್ಯಾಜ್ಯವನ್ನು ಓದಿ ನಗುವವರು ನಗಲಿ. ತಡೆಯುವವನನ್ನೂ ನ್ಯಾಯಸ್ಥಾನಕ್ಕೆ ಕರೆಯಬಹುದೆಂಬುದೂ, ಕರೆದವನು ತನ್ನ ನಷ್ಟವನ್ನು ತೋರಿಸಬೇಕೆಂಬುದೂ ಇದರಿಂದ ಸ್ಥಿರಪಟ್ಟುವು.

ತಡೆಯುವ ರೀತಿಯಲ್ಲಿಯೂ ಧರ್ಮಾಧರ್ಮಗಳುಂಟು. ಬಾಗಿಲಲ್ಲಿಯೇ ನಿಲ್ಲಿಸಿ, ಇಂಥ ಕಾರಣದಿಂದ ಒಳಕ್ಕೆ ಬಿಡಲಾರೆನೆಂದು ತಿರುಗಿ ಕಳುಹಿಸುವುದು ಒಂದು. ಒಳಕ್ಕೆ ಬಿಟ್ಟು ಸ್ಪ್ಯಾಮಿನ ಪೆಟ್ಟಿಗೆಯಲ್ಲಿ ಹಾಕಿ, ಬೇಕಾದರೆ ನೋಡಿಕೊಳ್ಳೆನ್ನುವುದು ಇನ್ನೊಂದು. ಪಡೆದೆನೆಂದು ಹೇಳಿ ಯಾರಿಗೂ ತಿಳಿಸದೆ ಹಾಳುಮಾಡುವುದು ಮೂರನೆಯದು. ಮೊದಲನೆಯದರಲ್ಲಿ ಬರೆದವನಿಗೆ ತಿಳಿಯುವುದು. ಎರಡನೆಯದರಲ್ಲಿ ಪಡೆಯುವವನಿಗೆ ತಿಳಿಯುವ ಅವಕಾಶವುಂಟು. ಮೂರನೆಯದರಲ್ಲಿ ಒಬ್ಬನು ಉತ್ತರವಿಲ್ಲವೆಂದು ಮುನಿಯುವನು, ಮತ್ತೊಬ್ಬನು ಕಾಗದವೇ ಇಲ್ಲವೆಂದು ಮುನಿಯುವನು. ಕಾಗದಗಳ ಚೀಲವನ್ನು ಬಾವಿಗೆ ಹಾಕಿ ಬಟವಾಡೆಯಾಯಿತೆಂದು ಬರೆದ ಅಂಚೆಯವನನ್ನು ಯಾವ ಸರ್ಕಾರವೂ ಕೆಲಸದಲ್ಲಿ ಉಳಿಸಿಕೊಳ್ಳದು. ಯಂತ್ರವು ಅದನ್ನೇ ಮಾಡಿದರೆ ಶುದ್ಧೀಕರಣವೆಂದು ಕರೆಯುವರು. ಜಿಲ್ಲೆಯ ಒಂದು ಸಣ್ಣ ಸಂಘವು ಕಡಮೆ ಬಾಡಿಗೆಯ ಸರ್ವರಿನಿಂದ ತನ್ನ ಸದಸ್ಯರಿಗೆ ವಾರ್ಷಿಕೋತ್ಸವದ ಕರೆಯೋಲೆಯನ್ನು ಕಳುಹಿಸಿತೆಂದು ವಾಚಕರು ಭಾವಿಸಿಕೊಳ್ಳಲಿ. ಅದೇ ಸರ್ವರಿನಲ್ಲಿ ಬಾಡಿಗೆಗಿದ್ದ ಯಾರೋ ಒಬ್ಬನು ಹಿಂದಿನ ವಾರ ಸ್ಪ್ಯಾಮನ್ನು ಕಳುಹಿಸಿದ್ದನು. ಉತ್ಸವದ ದಿನ ಕುರ್ಚಿಗಳು ಖಾಲಿ. ಕಾರ್ಯದರ್ಶಿಗೆ ಕಾರಣವು ತಿಳಿಯದು. ಸದಸ್ಯರು, ಕರೆಯಲೇ ಇಲ್ಲವಲ್ಲ ಎಂದು ನೊಂದುಕೊಳ್ಳುವರು.

2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಕಂಪೆನಿಗಳು ಬಿಗಿಯಾದ ನಿಯಮಗಳನ್ನು ಜಾರಿಗೆ ತಂದಿರುವುವು. ಗೂಗಲಿನ ಪೆಟ್ಟಿಗೆಗಳಿಗೆ ದಿನಕ್ಕೆ 5,000ದಷ್ಟು ಅಥವಾ ಅದಕ್ಕೂ ಹೆಚ್ಚು ಕಾಗದಗಳನ್ನು ಕಳುಹಿಸುವವನು ತಾನು ಹೇಳಿಕೊಳ್ಳುವ ಹೆಸರು ತನ್ನದೇ ಎಂಬುದನ್ನು ಯಂತ್ರದ ಮುದ್ರೆಯಿಂದ ಸಿದ್ಧಪಡಿಸಬೇಕು. ಬೇಡವೆಂದವನನ್ನು ಒಂದೇ ಒತ್ತಿನಿಂದ ಬಿಡಿಸಿಕೊಳ್ಳಲು ಬಿಡಬೇಕು. ಸ್ಪ್ಯಾಮೆಂದು ದೂರುವವರು ಸಾವಿರಕ್ಕೆ 3 ಮಂದಿಯನ್ನು ಮುಟ್ಟಬಾರದು. 1982ರಲ್ಲಿ ವಿಶ್ವಾಸಕ್ಕೆ ಬಿಟ್ಟಿದ್ದುದನ್ನು ಹೀಗೆ ಪರೀಕ್ಷೆಗೆ ಒಳಪಡಿಸಿದುದು ಶ್ಲಾಘ್ಯವೇ. ಆದರೆ ಲೋಕದ ಅಂಚೆಯ ಬಹುಭಾಗಕ್ಕೆ ಅನ್ವಯಿಸುವ ಈ ವಿಧಿಗಳನ್ನು ಮಾಡಿದುದು ಯಾವ ಶಾಸನಸಭೆಯೂ ಅಲ್ಲ. ಮೇಲ್ಮನವಿಯನ್ನು ಕೇಳುವವನು ತೀರ್ಪುಕೊಟ್ಟವನೇ. ಹೊಣೆಯು ಹೊರುವವನಿಗೆ ಸಲ್ಲುವುದಾದರೆ ತಡೆಯುವವನಿಗೂ ಅದೇ ಅಳತೆಯಿಂದ ಸಲ್ಲಬೇಕು: ಯಾವ ಹೆಜ್ಜೆಯನ್ನು ಕಂಡು ತಡೆದೆನೆಂದು ಹೇಳಬೇಕು, ಆ ಹೆಜ್ಜೆಯು ತನ್ನದಲ್ಲವೆಂದು ತೋರಿಸಲು ಅವಕಾಶ ಕೊಡಬೇಕು.

ಶಾಸನಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಅಮೆರಿಕಾದ 2003ರ ಶಾಸನವು, ಬೇಡವೆಂದು ಹೇಳುವವರೆಗೆ ಕಳುಹಿಸಬಹುದೆನ್ನುವುದು. ಯೂರೋಪಿನ 2002ರ ನಿರ್ದೇಶನವು, ಮೊದಲು ಒಪ್ಪಿಗೆಯನ್ನು ಪಡೆದೇ ಕಳುಹಿಸಬೇಕೆನ್ನುವುದು. ಮನೆಯೊಳಕ್ಕೆ ನುಗ್ಗಿದವನನ್ನು ಹೊರಕ್ಕೆ ಹೋಗೆಂದು ಹೇಳುವ ಶ್ರಮವು ಗೃಹಸ್ಥನದೋ, ಬಾಗಿಲಲ್ಲಿ ನಿಂತು ಕೇಳುವ ಶ್ರಮವು ಬಂದವನದೋ ಎಂಬುದೇ ಇವುಗಳ ಅಂತರವು. ಎರಡನೆಯದೇ ಸಭ್ಯರ ರೀತಿಯೆಂದು ಈ ದೇಶದ ಯಾವ ಅಜ್ಜಿಯೂ ಹೇಳಿಯಾಳು. ಭಾರತದಲ್ಲಿ ಸ್ಪ್ಯಾಮ್ ಮಿಂಚಂಚೆಗೆಂದೇ ಪ್ರತ್ಯೇಕವಾದ ಶಾಸನವಿಲ್ಲ. ಮಾಹಿತಿ ತಂತ್ರಜ್ಞಾನ ಶಾಸನದ 66ಎ ಪ್ರಕರಣದ ಒಂದು ಉಪವಾಕ್ಯದಲ್ಲಿ, ಕಿರುಕುಳಕ್ಕಾಗಿಯೋ ಮೂಲವನ್ನು ಮರೆಸುವುದಕ್ಕಾಗಿಯೋ ಕಳುಹಿಸಿದ ಮಿಂಚಂಚೆಯು ಅಪರಾಧವೆಂದಿತ್ತು. ಆದರೆ ಅದೇ ಪ್ರಕರಣವು ಮಾತಿನ ಒಳಗನ್ನು ಅಳೆಯಲು ಹೋಗಿ, ಟೀಕೆಮಾಡಿದ ತರುಣತರುಣಿಯರನ್ನು ಸೆರೆಗೆ ಹಾಕುವುದಕ್ಕೆ ಸಾಧನವಾಯಿತು. 2015ರ ಮಾರ್ಚಿ 24ರಂದು ಸುಪ್ರೀಂ ಕೋರ್ಟು ಇಡೀ ಪ್ರಕರಣವನ್ನು ರದ್ದುಮಾಡಿತು. ಹೆಜ್ಜೆಯನ್ನು ಕೇಳುವ ಬದಲು ಗಂಟನ್ನು ಬಿಚ್ಚಿಸಿದುದರ ಫಲವಿದು. ಟೆಲಿಫೋನಿನ ಕರೆ ಮತ್ತು ಕಿರುಸಂದೇಶಗಳ ವಿಷಯದಲ್ಲಿ ಮಾತ್ರ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2007ರಿಂದ ನಿಯಮಗಳನ್ನು ಮಾಡುತ್ತ ಬಂದಿದೆ. 2025ರ ಫೆಬ್ರವರಿಯ ತಿದ್ದುಪಡಿಯಲ್ಲಿ, ಬೇಡದ ಕರೆಗಳ ಲೆಕ್ಕವನ್ನು ತಪ್ಪಾಗಿ ಒಪ್ಪಿಸಿದ ಕಂಪೆನಿಗೇ ಮೊದಲ ಸಲ 2 ಲಕ್ಷ, ಎರಡನೆಯ ಸಲ 5 ಲಕ್ಷ, ಆಮೇಲೆ ಪ್ರತಿಸಲ 10 ಲಕ್ಷ ರೂಪಾಯಿಗಳ ದಂಡವನ್ನು ಗೊತ್ತುಮಾಡಿರುವರು. ಕರೆದವನ ಮಾತಿಗಲ್ಲ, ಹೊತ್ತವನ ಲೆಕ್ಕಕ್ಕೆ ದಂಡ. ಸ್ಮೃತಿಯ ದಾರಿಗೆ ಇದು ಹತ್ತಿರದ್ದು.

1997ರಲ್ಲಿಯೇ ಜಾಲದ ಹಿರಿಯರು ಇನ್ನೊಂದು ಸಣ್ಣ ಏರ್ಪಾಡನ್ನು ಗೊತ್ತುಮಾಡಿದ್ದರು. ಜಾಲದಲ್ಲಿ ಸೇವೆಯನ್ನು ಒದಗಿಸುವ ಪ್ರತಿಯೊಂದು ಸಂಸ್ಥೆಯೂ ತನ್ನ ಹೆಸರಿನ ಮುಂದೆ ‘ಅಬ್ಯೂಸ್’ ಎಂಬ ಪದವಿರುವ ಒಂದು ಅಂಚೆಪೆಟ್ಟಿಗೆಯನ್ನು ಇಟ್ಟಿರಬೇಕು. ಅದರ ಎಲ್ಲೆಯೊಳಗಿಂದ ಕೇಡು ಹೊರಟರೆ ಲೋಕದ ಯಾರಾದರೂ ಅಲ್ಲಿಗೆ ಬರೆಯಬಹುದು. ಆ ಪೆಟ್ಟಿಗೆಯನ್ನು ಇಡುವುದಕ್ಕೆ ಕಾಸೂ ಖರ್ಚಿಲ್ಲ. ಅದರ ಮುಂದೆ ಒಬ್ಬ ಮನುಷ್ಯನನ್ನು ಕೂರಿಸಿ, ಬಂದ ದೂರನ್ನು ಓದಿಸಿ, ಬಾಡಿಗೆಯನ್ನು ತಪ್ಪದೆ ಕೊಡುತ್ತಿರುವ ಗಿರಾಕಿಯೊಬ್ಬನ ತಂತಿಯನ್ನು ಕಡಿಯುವ ಅಧಿಕಾರವನ್ನು ಅವನಿಗೆ ಕೊಡುವುದಕ್ಕೆ ಮಾತ್ರ ಖರ್ಚುಂಟು. ದೂರು ಬಂದಿತೆಂಬ ಉತ್ತರವನ್ನು ಯಂತ್ರವೇ ಕಳುಹಿಸಿಬಿಡಬಲ್ಲದು. ಆ ಉತ್ತರವು ಹೊರಟ ಕ್ಷಣದಿಂದ, ತಿಳಿಯದೆ ಹೊತ್ತವನೆಂದು ಆ ಕಂಪೆನಿಯು ಹೇಳಿಕೊಳ್ಳುವಂತಿಲ್ಲ.